ಎತ್ತಿನ ಓಟ ಮತ್ತು ಅಹಿಂಸಾಣುವ್ರತದ ಅತಿಚಾರಗಳು

ಜ್ಯೇಷ್ಠ ಮಾಸದ ಕಾರಹುಣ್ಣಿಮೆ ಎಂದರೆ ಕುರಕುಂಟಾ, ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ರೈತರಿಗೆ ಎತ್ತುಗಳ ಹಬ್ಬ. ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸಿ, ಸಂಜೆ ಅಗಸಿಯಲ್ಲಿ ಕರಿ ಹರಿಯಲು ಓಡಿಸುವುದು ಉತ್ತರ ಕರ್ನಾಟಕದ ರೂಢಿ. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಆ ವರ್ಷದ ಬೆಳೆ ಹೇಳುವವರೂ ಇದ್ದಾರೆ. ಒಕ್ಕಲುತನ ಮಾಡುವ ಜೈನ ಮನೆಗಳಿಗೂ ಈ ಹಬ್ಬ ಹೊಸದಲ್ಲ. ಇದೇ ಓಟ ಬಹುಮಾನದ ಗಾಡಿ ಪಂದ್ಯವಾದಾಗ ಶ್ರಾವಕರ ನಿಲುವು ಏನಿರಬೇಕು ಎಂಬ ಪ್ರಶ್ನೆ ಏಳುತ್ತದೆ.

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಐದೂ ಕೊಟ್ಟಿಗೆಯ ಮಾತುಗಳೇ. ಬಂಧ ಎಂದರೆ ಅಲುಗಾಡದಂತೆ ಕಟ್ಟಿಹಾಕುವುದು. ವಧ ಎಂಬುದಕ್ಕೆ ಇಲ್ಲಿ ಕೊಲ್ಲುವುದು ಎಂಬ ಅರ್ಥವಿಲ್ಲ. ಕೋಲು, ಚಾವಟಿ, ಬೆತ್ತದಿಂದ ಹೊಡೆಯುವುದು ಎಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ಛೇದ ಕಿವಿ, ಮೂಗು ಮುಂತಾದ ಅವಯವಗಳನ್ನು ಕತ್ತರಿಸುವುದು. ಅತಿಭಾರಾರೋಪಣ ಶಕ್ತಿಮೀರಿ ಹೊರೆ ಹೊರಿಸುವುದು. ಕೊನೆಯದು ಅನ್ನಪಾನನಿರೋಧ, ದನಕರುಗಳನ್ನು ಹಸಿವು ಬಾಯಾರಿಕೆಯಿಂದ ಬಳಲಿಸುವುದು. ಬಾರುಕೋಲಿಲ್ಲದೆ ಗೆದ್ದ ಪಂದ್ಯದ ಜೋಡಿ ಎಷ್ಟಿರಬಹುದು?

ಉಳುವಾಗಲೂ ಎತ್ತಿಗೆ ನೋವಾಗುವುದಿಲ್ಲವೇ ಎಂದು ಕೇಳುವವರುಂಟು. ಆಗುತ್ತದೆ. ಆದರೆ ಜೀವನೋಪಾಯದಲ್ಲಿ ತಪ್ಪಿಸಲಾಗದ್ದನ್ನು ಉದ್ಯೋಗಿ ಹಿಂಸೆ ಎಂದು ಗೃಹಸ್ಥನ ಮಟ್ಟಿಗೆ ಬೇರೆಯಾಗಿ ಎಣಿಸಲಾಗಿದೆ. ಪಂದ್ಯಕ್ಕೆ ಆ ಆಸರೆ ಸಿಗದು. ಅದು ಪ್ರಯೋಜನವಿಲ್ಲದ ಪೀಡೆ, ಅಂದರೆ ಅನರ್ಥದಂಡದ ಕಡೆಗೇ ವಾಲುತ್ತದೆ. ಪ್ರಾಣಿಗಳನ್ನು ಕ್ಲೇಶಪಡಿಸುವ ಮಾತನ್ನು ಹಬ್ಬಿಸುವುದನ್ನೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪಾಪೋಪದೇಶದಲ್ಲಿ ಸೇರಿಸಿದೆ.

ಕಾನೂನಿನ ದಾರಿ ಬೇರೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ತಡೆಯಿತು. ಎತ್ತಿನ ದೇಹರಚನೆ ಓಟದ ಪಂದ್ಯಕ್ಕೆ ಹೊಂದುವುದಿಲ್ಲ ಎಂದಿತು. ಕಂಬಳಕ್ಕೂ ಹೈಕೋರ್ಟ್‌ನಲ್ಲಿ ತಡೆ ಬಂದ ಮೇಲೆ ಕರ್ನಾಟಕವು 2017ರಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು, ಅನಗತ್ಯ ನೋವು ಆಗಬಾರದೆಂಬ ಷರತ್ತಿನ ಮೇಲೆ ಕಂಬಳ ಮತ್ತು ಎತ್ತಿನ ಓಟಗಳಿಗೆ ಅವಕಾಶ ನೀಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆದ್ದರಿಂದ ಇಂದು ಪಂದ್ಯ ಕಾನೂನುಬಾಹಿರವಲ್ಲ. ಆದರೆ ಪ್ರಾಣಿಯನ್ನು ಹೊಡೆದು ಹಿಂಸಿಸಿದರೆ ಮೂಲ ಕಾಯ್ದೆಯಲ್ಲಿ ಮೊದಲ ತಪ್ಪಿಗಿರುವ ದಂಡ 10ರಿಂದ 50 ರೂಪಾಯಿ ಮಾತ್ರ. ಇಷ್ಟರಿಂದ ಯಾರ ಕೈಯ ಚಾವಟಿ ಕೆಳಗಿಳಿದೀತು?

ಷರತ್ತುಗಳು ಬಿಗಿಯಾಗಿದ್ದರೆ ಸಾಲದೇ ಎಂಬುದಕ್ಕೆ ಅಲಾಸ್ಕಾದ ಇಡಿಟರಾಡ್ ಓಟವನ್ನು ನೋಡಬಹುದು. 1973ರಿಂದ ನಡೆಯುವ ಈ ಸ್ಪರ್ಧೆಯಲ್ಲಿ ನಾಯಿಗಳು ಹಿಮಗಾಡಿಯನ್ನು ಸುಮಾರು 1,600 ಕಿ.ಮೀ. ಎಳೆಯುತ್ತವೆ. ದಾರಿಯುದ್ದಕ್ಕೂ ಪಶುವೈದ್ಯರಿರುತ್ತಾರೆ, ಒಮ್ಮೆ 24 ಗಂಟೆಗಳ ಕಡ್ಡಾಯ ವಿಶ್ರಾಂತಿಯೂ ಇದೆ. ಆದರೂ 2024ರ ಓಟದಲ್ಲಿ ಮೂರು ನಾಯಿಗಳು ಸತ್ತವು. ನಾಯಿಗಳಿಗೆ ಓಟವೆಂದರೆ ಪ್ರೀತಿ ಎಂದು ಅಲ್ಲಿಯವರು ಹೇಳುತ್ತಾರೆ. ಎತ್ತಿಗೂ ಹುಮ್ಮಸ್ಸಿದೆ ಎಂದು ಇಲ್ಲಿಯವರು. ಹುಮ್ಮಸ್ಸು ನಿಜವೇ ಇರಬಹುದು. ಸುಸ್ತಾದಾಗ ನಿಲ್ಲುವ ಸ್ವಾತಂತ್ರ್ಯ ಮಾತ್ರ ಎರಡಕ್ಕೂ ಇಲ್ಲ.

ಎತ್ತನ್ನು ತಾವು ಓಡಿಸುವುದಿಲ್ಲ, ಬಹುಮಾನ ಕೊಡುತ್ತೇವೆ ಅಷ್ಟೇ ಎನ್ನುವವರು ಕೃತ, ಕಾರಿತ, ಅನುಮೋದನ ಎಂಬ ಮೂರನ್ನು ನೆನೆಯಬೇಕು. ಪಂದ್ಯಕ್ಕೆ ಹಣ ಕೊಡುವುದು ಮಾಡಿಸಿದಂತೆ, ನಿಂತು ಚಪ್ಪಾಳೆ ತಟ್ಟುವುದು ಒಪ್ಪಿದಂತೆ. ಕಾರಹುಣ್ಣಿಮೆಯ ಸ್ನಾನ, ಬಣ್ಣ, ಹೋಳಿಗೆ, ಮೆರವಣಿಗೆಗೆ ಇದರಿಂದ ಏನೂ ಅಡ್ಡಿಯಿಲ್ಲ. ದಾನ ಕೊಡುವ ಮನಸ್ಸಿದ್ದರೆ ಚೆನ್ನಾಗಿ ಸಾಕಿದ ಜೋಡಿಗೆ ಬಹುಮಾನವಿಡಬಹುದು, ಇಲ್ಲವೇ ಊರ ದನಗಳಿಗೆ ಮೇವು ಮತ್ತು ನೀರಿನ ತೊಟ್ಟಿಗೆ ಆ ಹಣ ಕೊಡಬಹುದು.