ಫರಸಿ ಕಲ್ಲಿನ ಸೀಮೆಯ ಸಿಂದಿ

ನಂದಿ ಬೆಟ್ಟದ ಬುಡದಲ್ಲಿ ದ್ರಾಕ್ಷಿತೋಟ ತೋರಿಸೋ ಗೈಡ್ ಒಬ್ಬರು ನಮ್ಮ ಟೀಮಿಗೆ ಒಂದು ಒಳ್ಳೇ ಮಾತು ಹೇಳಿದ್ರು. ವೈನ್ ಸೀಮೆಗೆ ಹೋದಾಗ ಗ್ಲಾಸು ಎತ್ತೋ ಮುಂಚೆ ಮೂರು ಪ್ರಶ್ನೆ ಕೇಳಬೇಕಂತೆ: ನೆಲ ಎಂಥದ್ದು? ಗಿಡ ಯಾವುದು? ಮಾಡೋ ಕೈ ಯಾರದು? ಈ ಮೂರು ಗೊತ್ತಾದ್ರೆ ಬಾಟಲಿಯೊಳಗೆ ಏನಿದೆ ಅಂತ ಅರ್ಧ ಗೊತ್ತಾದ ಹಾಗೆ. ನೆಲದ ಮಾತು ಬಂದಾಗ ಅವರು ಫ್ರಾನ್ಸಿಗೆ ಹೋದ್ರು. ಶಾಂಪೇನ್ ಸೀಮೆಯ ಸೀಮೆಸುಣ್ಣದಂಥ ನೆಲ, ಬರ್ಗಂಡಿಯ ಸುಣ್ಣದ ಕಲ್ಲು, ಅದಕ್ಕೇ ಆ ರುಚಿ ಅಂದ್ರು. ಎಲ್ಲರೂ ತಲೆ ಆಡಿಸಿದ್ರು.

ಸುಣ್ಣದ ಕಲ್ಲು ಅಂದ ಕೂಡಲೇ ನನಗೆ ನನ್ನೂರು ನೆನಪಾಯ್ತು. ಶಹಾಬಾದದ ಪಕ್ಕದ ಭಂಕೂರ. ನಿಮ್ಮ ಅಜ್ಜನ ಮನೆಯ ನೆಲಕ್ಕೆ ಬೂದು ಬಣ್ಣದ ತಣ್ಣನೆ ಕಲ್ಲು ಹಾಸಿದ್ರೆ, ಅದು ನಮ್ಮ ಕಡೆಯಿಂದಲೇ ಬಂದಿರಬಹುದು. ನಾವು ಅದಕ್ಕೆ ಫರಸಿ ಅಂತೀವಿ. ನೆಲಕ್ಕೆ ಫರಸಿ, ಮಾಳಿಗೆಗೆ ಫರಸಿ, ಹೊಲದ ಬೇಲಿಗೂ ನಿಲ್ಲಿಸಿದ ಫರಸಿ. ವಾಡಿ, ಶಹಾಬಾದ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಎದ್ದಿದ್ದೂ ಇದೇ ಕಲ್ಲಿಗಾಗಿ. ಫ್ರಾನ್ಸಿನವರು ವೈನ್ ಮಾಡೋ ಜಾತಿಯ ಕಲ್ಲಿನಿಂದ ನಾವು ಸಿಮೆಂಟ್ ಮಾಡಿದ್ವಿ.

ಹಾಗಂತ ನಮ್ಮದು ಒಣ ಸೀಮೆ ಅಲ್ಲ. ದ್ರಾಕ್ಷಿ ಕೃಷ್ಣಾ ಕಣಿವೆಯ ವಿಜಯಪುರದ ಕಡೆ ಉಳೀತು. ನಮ್ಮ ಹಳ್ಳದ ದಂಡೆಗೆ ಇದ್ದದ್ದು ಸಿಂದಿ ಗಿಡ, ಅಂದ್ರೆ ಈಚಲು. ಗೈಡ್ ಹೇಳಿದ ಮೂರು ಪ್ರಶ್ನೆಗಳನ್ನ ಈ ಗಿಡಕ್ಕೆ ಕೇಳಿದ್ರೆ ಏನಾಗುತ್ತೆ ಅಂತ ಓದ್ತಾ ಹೋದೆ. ಹೋದಷ್ಟೂ ನಾಲ್ಕನೇ ಪ್ರಶ್ನೆಯೊಂದು ಎದುರಾಯ್ತು: ದುಡ್ಡು ಯಾರಿಗೆ?

ಮೊದಲು ಮಳಖೇಡ. ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿ ದಂಡೆಗೆ. ಈಗ ಅಲ್ಲಿ ಕೋಟೆಯ ಒಡೆದ ಗೋಡೆ ಕಾಣುತ್ತೆ, ಆಗ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ಆಳ್ತಿದ್ದ ಕಾಲದಲ್ಲೇ, 851ರಲ್ಲಿ, ಅರಬ್ ವ್ಯಾಪಾರಿಗಳ ಅನುಭವಗಳನ್ನ ಸೇರಿಸಿದ ಒಂದು ಬರಹ ಸಿದ್ಧವಾಯ್ತು. ಅದರಲ್ಲಿ ನಮ್ಮ ರಾಜ 'ಬಲ್ಹರಾ', ಅಂದ್ರೆ ವಲ್ಲಭ ರಾಜ. ಹಿಂದೂಸ್ತಾನದವರು ವೈನ್ ಕುಡಿಯೋದಿಲ್ಲ ಅಂತ ಆ ಬರಹ ಆಶ್ಚರ್ಯದಿಂದ ದಾಖಲಿಸುತ್ತೆ. ಧರ್ಮ ಬೇಡ ಅಂದಿದೆ ಅಂತ ಅಲ್ಲ, ಕುಡಿದ ರಾಜ ರಾಜ್ಯ ಹೇಗೆ ನೋಡಿಕೊಂಡಾನು, ಸುತ್ತ ಶತ್ರುಗಳಿರುವಾಗ, ಅನ್ನೋದು ಇಲ್ಲಿನವರ ವಾದವಂತೆ. ತೀರಾ ಆಡಳಿತಾತ್ಮಕ ಕಾರಣ! ಆದರೆ ಆ ವ್ಯಾಪಾರಿಗಳು ಮಾತಾಡಿದ್ದು ಬಂದರಿನವರ, ದೊಡ್ಡವರ ಜೊತೆ. ಹಳ್ಳದ ದಂಡೆಯಲ್ಲಿ ಗಡಿಗೆ ಕಟ್ಟಿದವನನ್ನ ಅವರು ಕೇಳಿರಲಿಕ್ಕಿಲ್ಲ.

ದೊಡ್ಡವರೂ ಕುಡಿಯದೇ ಇರಲಿಲ್ಲ ಅನ್ನೋದಕ್ಕೆ ಮುಂದಿನ ಊರು ಕಲ್ಯಾಣ, ಇವತ್ತಿನ ಬಸವಕಲ್ಯಾಣ. 1129ರ ಸುಮಾರಿಗೆ ಚಾಲುಕ್ಯ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ' ಬರೆಸಿದ. ಅಡುಗೆಯಿಂದ ಆನೆ ಸಾಕೋದರವರೆಗೆ ಎಲ್ಲಾ ಇರೋ ಪುಸ್ತಕ ಅದು, ರಾಜನಿಗೊಂದು ಲೈಫ್‌ಸ್ಟೈಲ್ ಮ್ಯಾನ್ಯುಯಲ್ ಅನ್ನಿ. ಅದರ ವಿನೋದಗಳ ಪಟ್ಟಿಯಲ್ಲಿ ಪಾನಗೋಷ್ಠಿಯೂ ಒಂದು. ಬಗೆಬಗೆಯ ಮದ್ಯ, ಅರಮನೆಯ ಹೆಂಗಸರು, ನೋಡಿ ನಲಿಯೋ ರಾಜ. ನಂದಿಯಲ್ಲಿ ನಾವು ಮಾಡಿದ 'ಟೇಸ್ಟಿಂಗ್ ಸೆಷನ್' ಇದರ ದೂರದ ಸಂಬಂಧಿ.

ಆಮೇಲೆ ಕೆಲವೇ ದಶಕ. ಅದೇ ಕಲ್ಯಾಣ, ಶರಣರ ಕಾಲ. ಆ ಶರಣರಲ್ಲಿ ಒಬ್ಬರ ಹೆಸರು ಹೆಂಡದ ಮಾರಯ್ಯ. ಹೆಂಡ ಮಾರೋದೇ ಕಾಯಕ. ವಚನ ಬರೆದಿದ್ದಾರೆ, ಅಂಕಿತ ಧರ್ಮೇಶ್ವರಲಿಂಗ. ತನ್ನ ಅಂಗಡಿಯ ಸಾಮಾನುಗಳನ್ನೇ ರೂಪಕ ಮಾಡಿಕೊಂಡು ಮನಸ್ಸಿನ ಅಮಲಿನ ಬಗ್ಗೆ ಮಾತಾಡಿದವರು. ನನಗೆ ಈ ಇಡೀ ಚರಿತ್ರೆಯಲ್ಲಿ ದೊಡ್ಡ ಘಟನೆ ಇದೇ. ಕುಡಿತದ ಬಗ್ಗೆ ರಾಜರು ಬರೆದರು, ಪ್ರವಾಸಿಗಳು ಬರೆದರು, ಅಬಕಾರಿ ಅಧಿಕಾರಿಗಳು ಬರೆದರು. ಮಾರುವವನು ಬರೆದದ್ದು ಎಷ್ಟಿದೆ ಹುಡುಕಿ. ವೈನ್ ಜಗತ್ತಿನಲ್ಲಿ ಹೆಸರಾಂತ ಎಸ್ಟೇಟುಗಳ ಮಾಲೀಕರ ಆತ್ಮಕಥೆಗಳು ಸಾಕಷ್ಟು ಸಿಗ್ತವೆ. ಹೆಂಡದಂಗಡಿಯವನನ್ನ ಹನ್ನೆರಡನೇ ಶತಮಾನದಲ್ಲೇ ಕವಿ ಅಂತ ಕೂರಿಸಿದ ಭಾಷೆ ನಮ್ಮದು.

ಇನ್ನು ಕಲಬುರಗಿ. ಬಹಮನಿ ಸುಲ್ತಾನ ಒಂದನೇ ಮುಹಮ್ಮದ್ ಶಾಹನ ಕಥೆಯನ್ನ ಫೆರಿಷ್ತಾ ಹೇಳ್ತಾನೆ. ಒಂದು ಸಂಜೆ ಮಜಲಿಸು ರಂಗೇರಿತ್ತು. ಮುನ್ನೂರು ಜನ ಗಾಯಕರು ಅಮೀರ್ ಖುಸ್ರೋನ ಸಾಲು ಹಾಡಿದ್ರು. ಸುಲ್ತಾನ ಖುಷಿಯಾಗಿ, ಇವರಿಗೆ ಇನಾಮು ಕೊಡಿ, ಹುಂಡಿಯನ್ನ ವಿಜಯನಗರದ ರಾಯನ ಖಜಾನೆ ಮೇಲೆ ಬರೆಯಿರಿ ಅಂದ. ನಿಮ್ಮ ಟೀಮಿನ ಪಾರ್ಟಿ ಬಿಲ್ಲನ್ನ ಪಕ್ಕದ ಕಂಪನಿಗೆ ಕಳಿಸಿದ ಹಾಗೆ. ಅಮಲಿನಲ್ಲಿ ಆಡಿದ ಮಾತು ಅಂತ ಮಂತ್ರಿ ಸುಮ್ಮನಿದ್ದ. ಮರುದಿನ ಸುಲ್ತಾನ, ಹುಂಡಿ ಹೋಯ್ತಾ ಅಂತ ಕೇಳಿದ. ಹೋಗಿಲ್ಲ ಅಂದಾಗ, ನಾನೇನು ಹುಡುಗಾಟಕ್ಕೆ ಹೇಳಿದ್ನಾ ಅಂತ ಪಟ್ಟು ಹಿಡಿದ. ಹುಂಡಿ ಹೋಯ್ತು. ಬುಕ್ಕರಾಯ ಅದನ್ನ ತಂದವನನ್ನ ಕತ್ತೆ ಮೇಲೆ ಕೂರಿಸಿ ಮೆರವಣಿಗೆ ಮಾಡಿಸಿ, ಮುದಗಲ್ ಕೋಟೆಗೆ ದಂಡು ಕಳಿಸಿದ. 1366ರ ಯುದ್ಧ ಹೀಗೆ ಶುರು.

ಫೆರಿಷ್ತಾ ಇದನ್ನ ಬರೆದದ್ದು ಇನ್ನೂರು ವರ್ಷಕ್ಕೂ ಮಿಕ್ಕಿ ಆದಮೇಲೆ, ಬಿಜಾಪುರದಲ್ಲಿ ಕೂತು. ಅವನಿಗೆ ಕಥೆ ಕಟ್ಟೋ ಚಟ ಇತ್ತು, ಪಕ್ಷವೂ ಇತ್ತು. ಯುದ್ಧದ ನಿಜವಾದ ಕಾರಣ ಕೃಷ್ಣಾ ತುಂಗಭದ್ರಾ ನಡುವಿನ ದೋಆಬಿನ ಫಲವತ್ತಾದ ನೆಲ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಸೂಫಿ ಸಂತರು ಇದೇ ಸುಲ್ತಾನನ ಕುಡಿತವನ್ನ ಆಕ್ಷೇಪಿಸಿದ್ದು, ಅವನು ಕೊನೆಗೆ ರಾಜ್ಯದ ಭಟ್ಟಿಗಳನ್ನೇ ಮುಚ್ಚಿಸಿದ್ದು ಕೂಡ ದಾಖಲಾಗಿದೆ. ಕುಡಿದದ್ದು ಅರಮನೆ, ಬಾಗಿಲು ಹಾಕಿದ್ದು ಭಟ್ಟಿಗಳಿಗೆ. ಈ ಕ್ರಮ ಮುಂದೆಯೂ ಕಾಣಸಿಗುತ್ತೆ.

ನೂರು ವರ್ಷ ಬಿಟ್ಟು, 1470ರ ಆಸುಪಾಸು, ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಬೀದರಿಗೆ ಬಂದ. ಕುದುರೆ ಮಾರೋಕೆ ಬಂದವನು ಕಂಡದ್ದೆಲ್ಲಾ ಬರೆದಿಟ್ಟ. ಇಲ್ಲಿಯ ಜನ ದೊಡ್ಡ ಕಾಯಿಗಳಿಂದ ವೈನ್ ಮಾಡ್ತಾರೆ ಅಂತ ಅವನ ಒಂದು ಸಾಲು ಇದೆ. ತೆಂಗೋ ತಾಳೆಯೋ, ಪಾಪ ಅವನಿಗೆ ಅದೆಲ್ಲಾ ಹೊಸದು. ಮುಖ್ಯ ಏನಂದ್ರೆ ಅವನ ಬಾಯಲ್ಲಿ ಅದು 'ವೈನ್'. ಹೊರಗಿನಿಂದ ಬಂದವನಿಗೆ ಮೇಲು ಕೀಳು ಗೊತ್ತಿರಲಿಲ್ಲ, ತನ್ನೂರಲ್ಲಿ ಇದ್ದ ಶಬ್ದ ಇಲ್ಲಿಗೂ ಹಚ್ಚಿದ.

ಗಿಡ ಯಾವುದು, ಮಾಡೋ ಕೈ ಯಾರದು ಅನ್ನೋದಕ್ಕೆ ಈಗ ಬರೋಣ. ಹೈದರಾಬಾದ್ ಉರ್ದುವಿನಲ್ಲಿ ತಾಳೆಯದ್ದು 'ತಾಡಿ', ಈಚಲದ್ದು 'ಸೇಂಧಿ'. ಇಂಗ್ಲಿಷಿನ 'ಟಾಡಿ' ಆ ತಾಡಿಯಿಂದಲೇ ಬಂದದ್ದು. ನಮ್ಮ ಬಾಯಲ್ಲಿ ಸೇಂಧಿ ಸಿಂದಿಯಾಯ್ತು. ಚಳಿಗಾಲ ಇದರ ಹಂಗಾಮು. ಇಳಿಸುವವನು ಸೊಂಟಕ್ಕೆ ಹಗ್ಗ ಹಾಕಿಕೊಂಡು ಏರಿ, ನೆತ್ತಿಯ ಹತ್ತಿರ ಗರಿ ಸವರಿ, ಕಾಂಡದ ಒಂದು ಮಗ್ಗುಲನ್ನ ಬಾಗಿದ ಕತ್ತಿಯಿಂದ ತೆಳ್ಳಗೆ ಕೆತ್ತುತ್ತಾನೆ. ಕೆತ್ತಿದಲ್ಲಿಂದ ರಸ ಜಿನುಗಿ ರಾತ್ರಿಯಿಡೀ ಗಡಿಗೆಗೆ ಬೀಳುತ್ತೆ. ಕೈ ಸ್ವಲ್ಪ ಆಳಕ್ಕೆ ಹೋದ್ರೆ ಗಿಡ ಸಾಯುತ್ತೆ, ಮೇಲಿದ್ರೆ ರಸ ಬರಲ್ಲ. ಈ ವರ್ಷ ಈ ಮಗ್ಗುಲು ಕೆತ್ತಿದ್ರೆ ಮುಂದಿನ ವರ್ಷ ಆ ಮಗ್ಗುಲು.

ನಾನು ಚಿಕ್ಕವನಿದ್ದಾಗ, ತೊಂಬತ್ತರ ದಶಕದಲ್ಲಿ, ಹೊತ್ತು ಹುಟ್ಟೋ ಮುಂಚೆ ಒಬ್ಬ ಮುದುಕ ಗಡಿಗೆ ಇಳಿಸಿ ತರ್ತಿದ್ದ. ಆ ಹೊತ್ತಿಗೆ ಅದು ಬರೀ ಸಿಹಿ ನೀರು, ನೀರಾ. ಹುಡುಗರಿಗೆ ಒಂದೊಂದು ಬೊಗಸೆ. ಮಧ್ಯಾಹ್ನ ಕೇಳಿದ್ರೆ ಬೈದು ಕಳಿಸ್ತಿದ್ದ. "ಹೊತ್ತು ಏರಿದಂಗ ಇದೂ ಏರ್ತದ ನೋಡಪ್ಪ" ಅಂತಿದ್ದ. ಅವನು ಹೇಳಿದ್ದು ಸೂಕ್ಷ್ಮಜೀವಿಶಾಸ್ತ್ರ. ಗಡಿಗೆಯ ಗೋಡೆಯಲ್ಲಿ, ಗಾಳಿಯಲ್ಲಿ ಇರೋ ಯೀಸ್ಟು ಬ್ಯಾಕ್ಟೀರಿಯಾಗಳು ಬಿಸಿಲು ಏರಿದ ಹಾಗೆ ಸಕ್ಕರೆ ತಿಂದು ಆಲ್ಕೋಹಾಲ್ ಮಾಡ್ತವೆ. ಕೆಲವೇ ಗಂಟೆಯಲ್ಲಿ ಬಿಯರಿನಷ್ಟು ಕಡಕು, ಸಂಜೆಗೆ ಹುಳಿ, ಮರುದಿನಕ್ಕೆ ವಿನೆಗರಿನ ದಾರಿ. ವೈನ್ ವರ್ಷಗಟ್ಟಲೆ ಕಾಯುತ್ತೆ, ಹಡಗು ಹತ್ತುತ್ತೆ, ಮೇಲೆ ಚೀಟಿ ಅಂಟಿಸಿಕೊಳ್ಳುತ್ತೆ. ಸಿಂದಿಗೆ ಒಂದೇ ದಿನದ ಆಯುಷ್ಯ. ಇಳಿಸಿದ ಊರಲ್ಲೇ ಮುಗಿಯಬೇಕು. ಅದಕ್ಕೆ ಬ್ರ್ಯಾಂಡ್ ಆಗಲಿಲ್ಲ, ಸೀಮೆಯ ಹೆಸರೂ ಬರಲಿಲ್ಲ.

ಬ್ರ್ಯಾಂಡ್ ಆಗದಿದ್ರೂ ಲೆಕ್ಕದ ಪುಸ್ತಕಕ್ಕೆ ಚೆನ್ನಾಗಿ ಸಿಕ್ಕಿತು. ನಾಲ್ಕನೇ ಪ್ರಶ್ನೆಯ ಉತ್ತರ ಇಲ್ಲಿದೆ. ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಭೂಕಂದಾಯದ ಜೊತೆ ಅಬಕಾರಿ ದೊಡ್ಡ ಆದಾಯ. ಗಿಡಕ್ಕೆ ತೆರಿಗೆ, ಅಂಗಡಿಗೆ ಹರಾಜು. ಹರಾಜು ಹಿಡಿದವನು ಗುತ್ತೇದಾರ. ಗುತ್ತಾ ಅಂದ್ರೆ ಗುತ್ತಿಗೆ. ಕಲಬುರಗಿ ಜಿಲ್ಲೆಯಲ್ಲಿ ಈಡಿಗರ ಎಷ್ಟೋ ಮನೆಗಳಿಗೆ ಈಗಲೂ ಅದೇ ಅಡ್ಡಹೆಸರು. ಆಫೀಸಿನಲ್ಲಿ ಗುತ್ತೇದಾರ ಅನ್ನೋ ಸಹೋದ್ಯೋಗಿ ಇದ್ದರೆ, ಅವರ ಐಡಿ ಕಾರ್ಡಿನ ಮೇಲೆ ಒಂದು ಹಳೇ ತೆರಿಗೆ ಪದ್ಧತಿ ತೂಗ್ತಿದೆ. ಆದರೆ ಹೆಸರು ಗುತ್ತಿಗೆ ಹಿಡಿದವನದ್ದು ಉಳೀತು. ಗಿಡ ಏರಿದವನದ್ದು ಉಳೀಲಿಲ್ಲ.

1947ಕ್ಕೆ ಬಂದಾಗ ಈ ಆದಾಯವೇ ಗುರಿಯಾಯ್ತು. ಸಂಸ್ಥಾನ ಭಾರತಕ್ಕೆ ಸೇರಬೇಕು ಅಂತ ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ ಸ್ಟೇಟ್ ಕಾಂಗ್ರೆಸ್ ಆಗಸ್ಟ್ 7ರಂದು ಸತ್ಯಾಗ್ರಹ ಶುರು ಮಾಡ್ತು. ಆ ಚಳವಳಿಯ ಒಂದು ಕಾರ್ಯಕ್ರಮ ಸಿಂದಿ ಗಿಡ ಕಡಿಯೋದು. ನಿಜಾಮನ ಬೊಕ್ಕಸಕ್ಕೆ ನೇರ ಪೆಟ್ಟು. ಲೆಕ್ಕಾಚಾರವಾಗಿ ನೋಡಿದ್ರೆ ಚಾಣಾಕ್ಷ ನಡೆ. ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಇದು ಹೆಮ್ಮೆಯಿಂದ ಬರುತ್ತೆ, ಬರಲಿ. ಆದರೆ ಬೆಳಿಗ್ಗೆ ಎದ್ದು ಹಗ್ಗ ಹಿಡಿದು ಹೊರಟವನು ತನ್ನ ಗಿಡ ನೆಲಕ್ಕೆ ಬಿದ್ದಿದ್ದು ನೋಡಿ ಏನಂದುಕೊಂಡ ಅನ್ನೋದು ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ನಿಜಾಮನಿಗೆ ತೆರಿಗೆ ಕಟ್ಟಿದವನೂ ಅವನೇ, ನಿಜಾಮನ ವಿರುದ್ಧದ ಹೋರಾಟಕ್ಕೆ ಅನ್ನ ಕಳಕೊಂಡವನೂ ಅವನೇ.

ಕೊನೆಗೆ 2007. ಆ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯ್ತು. ಅದೇ 2007ರಲ್ಲಿ ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಪ್ರೋತ್ಸಾಹ, ವೈನ್ ಮಂಡಳಿ, ವೈನ್ ಮೇಳ. 1988ರಲ್ಲಿ ದೊಡ್ಡಬಳ್ಳಾಪುರದ ಹತ್ತಿರ ಕನ್ವಲ್ ಗ್ರೋವರ್ ಶುರು ಮಾಡಿದ ಸಾಹಸಕ್ಕೆ ಹೀಗೆ ಸರ್ಕಾರಿ ಮುದ್ರೆ ಬಿತ್ತು. ದ್ರಾಕ್ಷಿ ಬೆಳೆದ ರೈತನಿಗೆ ಒಳ್ಳೇದಾದ್ರೆ ನನಗೇನೂ ಬೇಸರ ಇಲ್ಲ. ಒಂದು ಕೈಯಿಂದ ಬಡವನ ಪಾಕೀಟು ಕಿತ್ತುಕೊಂಡ ವರ್ಷವೇ ಇನ್ನೊಂದು ಕೈಯಿಂದ ಉಳ್ಳವನ ಗ್ಲಾಸು ತುಂಬಿಸಿದ್ದನ್ನ ಮಾತ್ರ ಗಮನಿಸಿ ಅಂತೀನಿ.

ಸಿಂದಿಯನ್ನ ಸಂಸ್ಕೃತಿ ಅಂತ ಕನ್ನಡಿ ಪೆಟ್ಟಿಗೆಯಲ್ಲಿ ಇಡೋ ಆಸೆ ನನಗಿಲ್ಲ. ಕುಡಿತ ಹಾಳು ಮಾಡಿದ ಮನೆಗಳ ನಡುವೆ ಬೆಳೆದವನು ನಾನು. 2019ರ ಜನವರಿಯಲ್ಲಿ ರಾಯಚೂರು ಮುಂತಾದ ಜಿಲ್ಲೆಗಳ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಕು ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದ್ರು. ಅವರ ಮಾತಿನ ಎದುರು ನನ್ನ ಈ ಚರಿತ್ರೆಯ ಮೋಹ ತುಂಬಾ ಸಣ್ಣದು. ಆದರೆ ನಮ್ಮ ಜಿಲ್ಲೆಯಲ್ಲಿ ಗಿಡದ ಸಿಂದಿಗೆ ಅನುಮತಿ ಇಲ್ಲದ ಕಾಲದಲ್ಲಿ ಜನ ಕುಡಿಯೋದು ಬಿಟ್ಟಿಲ್ಲ. ಅಗ್ಗದ ವಿಸ್ಕಿ ಪಾಕೀಟು ಇದೆ. ಗಡಿಯಾಚೆಯಿಂದ ಬರೋ, ಸಿಎಚ್ ಪೌಡರ್ ಅನ್ನೋ ಕ್ಲೋರಲ್ ಹೈಡ್ರೇಟ್ ಕಲಸಿದ ಬಿಳಿ ನೀರೂ ಇದೆ. ಅದಕ್ಕೂ ಹೆಸರು ಸಿಂದಿಯೇ, ಗಿಡಕ್ಕೂ ಅದಕ್ಕೂ ಸಂಬಂಧ ಇಲ್ಲದಿದ್ರೂ. ಕುಲಕಸುಬಿಗೆ ಮತ್ತೆ ಅವಕಾಶ ಕೊಡಿ ಅಂತ ಈಡಿಗ ಸಮುದಾಯ ಕೇಳ್ತಾ ಇದೆ. ಹೆಂಗಸರ ಬೇಡಿಕೆಯೂ ಈ ಬೇಡಿಕೆಯೂ ಒಂದೇ ಸೀಮೆಯಿಂದ, ಹಲವು ಸಲ ಒಂದೇ ಓಣಿಯಿಂದ ಬರ್ತವೆ. ಎರಡೂ ನಿಜ ಅನ್ನೋದೇ ಕಷ್ಟ.

ನೋಡೋ ಆಸೆ ಇದ್ರೆ ಚಳಿಗಾಲದಲ್ಲಿ ಬನ್ನಿ. ರೈಲಿಗೆ ವಾಡಿ ಜಂಕ್ಷನ್ನಿನಲ್ಲಿ ಇಳೀರಿ. ಹೈದರಾಬಾದಿಗೆ ನಿಜಾಮ 1874ರಲ್ಲಿ ಹಾಕಿಸಿದ ಹಳಿ ಇಲ್ಲಿಂದಲೇ ಶುರು. ಅಲ್ಲಿಂದ ಮಳಖೇಡ, ಕಲಬುರಗಿ ಕೋಟೆ, ಸಮಯ ಇದ್ರೆ ಬಸವಕಲ್ಯಾಣ. ರುಚಿ ನೋಡೋದಕ್ಕೆ ಏನೂ ಸಿಗಲ್ಲ, ಮೊದಲೇ ಹೇಳಿರ್ತೀನಿ. ನಡುವೆ ಭಂಕೂರಿನ ಕಡೆ ತಿರುಗಿದ್ರೆ ಹಳ್ಳದ ದಂಡೆಗೆ ಒಂದೆರಡು ಮುದಿ ಸಿಂದಿ ಗಿಡ ಕಾಣ್ತವೆ. ಕಾಂಡದ ಮೇಲೆ ಆ ಮಗ್ಗುಲು ಈ ಮಗ್ಗುಲು ಮೆಟ್ಟಿಲಿನ ಹಾಗೆ ಗಾಯಗಳಿವೆ, ವರ್ಷಕ್ಕೊಂದು. ಕೆಳಗಿನಿಂದ ಎಣಿಸ್ತಾ ಹೋಗಿ. ಕೊನೇ ಗಾಯದ ಮೇಲೆ ಕೆತ್ತದ ಕಾಂಡ ಎಷ್ಟುದ್ದ ಬೆಳೆದಿದೆ ನೋಡಿ. ಅಷ್ಟು ವರ್ಷದಿಂದ ಯಾರೂ ಏರಿಲ್ಲ.