ಹೆಸರು ಹೊರಗಿನದು, ಮಡಕೆ ಮನೆಯದು: ಫಿಲಿಪ್ಪೀನ್ಸಿನ ತಂಗಳನ್ನದ ಚರಿತ್ರೆ

ಚರಿತ್ರೆಯೆಂದರೆ ನಮಗೆ ಥಟ್ಟನೆ ನೆನಪಿಗೆ ಬರುವುದು ಅರಮನೆ, ಕದನ, ಒಪ್ಪಂದ, ಇಸವಿ. ನಿನ್ನೆ ಮಿಕ್ಕ ಅನ್ನಕ್ಕೂ ಒಂದು ಚರಿತ್ರೆ ಉಂಟೆಂದರೆ ನೀವು ನಗಬಹುದು. ಹಬ್ಬದಡುಗೆಯ ವರ್ಣನೆ ಕಾವ್ಯಗಳಲ್ಲಿದೆ, ರಾಜಭೋಜನದ ವಿವರ ಶಾಸನಗಳಲ್ಲೂ ಸಿಗುತ್ತದೆ. ಬೆಳಗ್ಗೆ ಎದ್ದು ಹೆಂಗಸರು ತಂಗಳನ್ನಕ್ಕೆ ಒಗ್ಗರಣೆ ಹಾಕಿದ್ದನ್ನು ಯಾರೂ ಬರೆದಿಡಲಿಲ್ಲ. ದೂರದರ್ಶನದ ಕ್ಯಾಮೆರಾ ಹಿಡಿದು ಹೋಗುವ ನಮ್ಮ ವಿಷಯವೂ ಅಷ್ಟೆ. ನಾವು ಬರುತ್ತೇವೆಂದು ತಿಳಿದರೆ ಮನೆಯವರು ಹೋಳಿಗೆ ಮಾಡುತ್ತಾರೆಯೇ ಹೊರತು ತಂಗಳನ್ನ ತೋರಿಸುವುದಿಲ್ಲ. ಆದರೆ ಒಂದು ಜನಾಂಗ ದಿನನಿತ್ಯ ಹೇಗೆ ಬದುಕಿತೆಂಬುದನ್ನು ತಿಳಿಸುವುದು ಆ ತಂಗಳೇ. ಇದಕ್ಕೆ ಫಿಲಿಪ್ಪೀನ್ಸ್ ದ್ವೀಪಗಳ ಒಂದು ಬೆಳಗಿನ ತಿಂಡಿಯನ್ನು ಉದಾಹರಣೆಯಾಗಿ ನೋಡೋಣ.

ತಿಂಡಿ ಬಹಳ ಸರಳ. ಹಿಂದಿನ ದಿನ ವಿನೆಗರ್, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಬೇಯಿಸಿದ ಹಂದಿಯ ಇಲ್ಲವೆ ಕೋಳಿಯ ಮಾಂಸ ಮಿಕ್ಕಿರುತ್ತದೆ. ಅದರ ಹೆಸರು ಅಡೋಬೊ. ರಾತ್ರಿಯ ಅನ್ನವೂ ಮಿಕ್ಕಿರುತ್ತದೆ. ಬೆಳಗ್ಗೆ ಎರಡನ್ನೂ ಬಾಣಲೆಯಲ್ಲಿ ಸೇರಿಸಿ ಹುರಿದು, ಮೇಲೊಂದು ಕರಿದ ಮೊಟ್ಟೆ ಇಟ್ಟು ತಿನ್ನುತ್ತಾರೆ. ಬೆಳ್ಳುಳ್ಳಿ ಹಾಕಿ ಹುರಿದ ಅನ್ನಕ್ಕೆ ಅಲ್ಲಿಯ ತಗಾಲೋಗ್ ಭಾಷೆಯಲ್ಲಿ ಸಿನಂಗಾಗ್ ಎನ್ನುತ್ತಾರೆ. ಈ ಒಂದು ತಟ್ಟೆಯಲ್ಲಿ ಐದು ಶತಮಾನಗಳ ಕಥೆಯಿದೆ.

ಹಡಗಿನವನು ಕಂಡ ಊಟ

1521ರ ಮಾರ್ಚ್ ತಿಂಗಳು. ಸ್ಪೇನಿನ ಪರವಾಗಿ ಪಶ್ಚಿಮಕ್ಕೆ ಹೊರಟ ಮೆಗಲ್ಲನ್‌ನ ಹಡಗುಗಳು ಪೆಸಿಫಿಕ್ ಸಾಗರ ದಾಟಿ, ಹಸಿವಿನಿಂದ ಕಂಗಾಲಾದ ನಾವಿಕರನ್ನು ಹೊತ್ತು ಈ ದ್ವೀಪಗಳನ್ನು ತಲುಪಿದವು. ಹಡಗಿನಲ್ಲಿ ಅಂಟೋನಿಯೊ ಪಿಗಾಫೆಟ್ಟಾ ಎಂಬ ಇಟಲಿಯವನಿದ್ದ. ಕಂಡದ್ದನ್ನೆಲ್ಲ ಬರೆದಿಡುವುದು ಅವನ ಅಭ್ಯಾಸ. ಮಾರ್ಚ್ 29ರ ಶುಭ ಶುಕ್ರವಾರದಂದು ಇಂದಿನ ಲಿಮಸಾವಾ ಎಂದು ಬಹುಮಂದಿ ವಿದ್ವಾಂಸರು ಗುರುತಿಸುವ ಪುಟ್ಟ ದ್ವೀಪದ ದೊರೆ ಅವನನ್ನು ಊಟಕ್ಕೆ ಕರೆದ. ಆ ದೊರೆಯ ಬಿರುದು 'ರಾಜ' ಎಂದೇ ಇತ್ತು. ನಮ್ಮ ಕಡೆಯ ಈ ಪದ ಯುರೋಪಿನವರಿಗಿಂತ ಬಹಳ ಮೊದಲೇ ಅಲ್ಲಿಗೆ ತಲುಪಿತ್ತು.

ರಾತ್ರಿ ಊಟಕ್ಕೆ ಎರಡು ದೊಡ್ಡ ಪಿಂಗಾಣಿ ಪಾತ್ರೆಗಳು ಬಂದವು. ಒಂದರ ತುಂಬ ಅನ್ನ, ಇನ್ನೊಂದರಲ್ಲಿ ರಸದ ಸಮೇತ ಹಂದಿಮಾಂಸ. ಕ್ರೈಸ್ತರು ಮಾಂಸ ಮುಟ್ಟಬಾರದ ದಿನವದು. ಬೇರೆ ದಾರಿಯಿಲ್ಲದೆ ತಿಂದೆನೆಂದು ಪಿಗಾಫೆಟ್ಟಾ ಬರೆದಿದ್ದಾನೆ. ಆ ರಸದಲ್ಲಿ ಏನಿತ್ತೆಂದು ಅವನು ಹೇಳಿಲ್ಲ. ಆದ್ದರಿಂದ ಅದು ಅಡೋಬೊವೇ ಎಂದು ನಾವು ಸಾಧಿಸಲು ಹೋಗಬಾರದು. ಆದರೆ ಅದೇ ಬರವಣಿಗೆಯಲ್ಲಿ ಇನ್ನೊಂದು ಮಾತಿದೆ. ಯುರೋಪಿನವರಿಗೆ ರೊಟ್ಟಿ, ವೈನ್, ಎಣ್ಣೆ, ವಿನೆಗರ್ ಬೇರೆ ಬೇರೆ ಕಡೆಯಿಂದ ಬಂದರೆ ಇಲ್ಲಿಯವರಿಗೆ ಅವೆಲ್ಲವೂ ತೆಂಗಿನ ಮರವೊಂದರಿಂದಲೇ ಸಿಗುತ್ತವೆ ಎಂದು ಅವನು ಅಚ್ಚರಿಪಟ್ಟಿದ್ದಾನೆ. ಎಂದರೆ, ಸ್ಪೇನಿನವರು ಕಾಲಿಟ್ಟಾಗಲೇ ಅಲ್ಲಿ ಅನ್ನವಿತ್ತು, ರಸವಿರುವ ಹಂದಿಮಾಂಸವಿತ್ತು, ವಿನೆಗರ್ ಕೂಡ ಇತ್ತು. ಈ ಮೂರನ್ನೂ ಅವರು ಯಾರಿಂದಲೂ ಕಲಿಯಬೇಕಿರಲಿಲ್ಲ.

ನಿಘಂಟಿನ ಒಂದು ನಮೂದು

1565ರಲ್ಲಿ ಸ್ಪೇನಿನ ಆಳ್ವಿಕೆ ಬೇರೂರತೊಡಗಿತು. 1571ರಲ್ಲಿ ಮನಿಲಾ ರಾಜಧಾನಿಯಾಯಿತು. ಧರ್ಮಪ್ರಚಾರಕ್ಕೆ ಬಂದ ಪಾದ್ರಿಗಳು ಜನರ ಭಾಷೆ ಕಲಿತು ನಿಘಂಟು ರಚಿಸಿದರು. ಕನ್ನಡಕ್ಕಾಗಿ ರೀವ್ ಮತ್ತು ಕಿಟೆಲ್ ಮಾಡಿದ ಕೆಲಸ ನಿಮಗೆ ಗೊತ್ತೇ ಇದೆ. ತಗಾಲೋಗಿನಲ್ಲಿ ಅಂಥ ಕೆಲಸ ಮಾಡಿದವರು ಪೆದ್ರೊ ದೆ ಸಾನ್ ಬುಯೆನವೆಂತುರಾ ಎಂಬ ಫ್ರಾನ್ಸಿಸ್ಕನ್ ಪಂಥದ ಪಾದ್ರಿ. ಅವರ ನಿಘಂಟು ಅಚ್ಚಾದದ್ದು 1613ರಲ್ಲಿ, ಲಗೂನಾ ಪ್ರಾಂತದ ಪಿಲಾ ಎಂಬ ಊರಿನಲ್ಲಿ.

ಸ್ಥಳೀಯರು ಮಾಂಸವನ್ನು ಹುಳಿ ಹಾಕಿ ಅಡುಗೆ ಮಾಡುವುದು ಪಾದ್ರಿಗಳ ಕಣ್ಣಿಗೆ ಬಿತ್ತು. ಅವರ ನಾಡಿನಲ್ಲೂ ಇದಕ್ಕೆ ಹೋಲುವ ಒಂದು ಪದ್ಧತಿ ಇತ್ತು. ಮಾಂಸ ಕೆಡದಿರಲು ವಿನೆಗರ್ ಮತ್ತು ಮಸಾಲೆಯಲ್ಲಿ ನೆನೆಹಾಕುವುದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ಅಡೋಬಾರ್ ಎನ್ನುತ್ತಾರೆ. ಹಾಗಾಗಿ ಈ ಅಡುಗೆಯನ್ನು 'ಇಲ್ಲಿಯ ಜನರ ಅಡೋಬೊ' ಎಂದು ನಮೂದಿಸಿದರು. ಗಮನಿಸಬೇಕಾದ ವ್ಯತ್ಯಾಸ ಇಷ್ಟು: ಸ್ಪೇನಿನದು ನೆನೆಹಾಕುವ ವಿಧಾನ, ಬೇಯಿಸುವುದು ಅದರ ನಂತರದ ಮಾತು. ಫಿಲಿಪ್ಪೀನ್ಸಿನದು ವಿನೆಗರಿನಲ್ಲೇ ಬೇಯಿಸುವ ವಿಧಾನ. ಹೋಲಿಕೆಗಾಗಿ ಹಚ್ಚಿದ ಹೆಸರು ಕ್ರಮೇಣ ಅಡುಗೆಯ ಹೆಸರೇ ಆಗಿಬಿಟ್ಟಿತು. ಹುಳಿಯಲ್ಲಿ ಮೀನು ಬೇಯಿಸುವ ಪಕ್ಸಿವ್, ಹಸಿಮೀನನ್ನು ಹುಳಿಯಲ್ಲಿ ಹಾಕಿಡುವ ಕಿನಿಲಾವ್ ತಮ್ಮ ಹಳೆಯ ಹೆಸರುಗಳನ್ನು ಉಳಿಸಿಕೊಂಡವು. ಅಡೋಬೊಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ. ಹೆಸರು ಸ್ಪ್ಯಾನಿಷ್ ಇರುವುದರಿಂದ ಅಡುಗೆಯೂ ಸ್ಪೇನಿನದೇ ಎಂದು ಹೊರಗಿನವರು ಬಹುಕಾಲ ನಂಬಿದರು. ಬರೆದವನ ಮಾತು ಉಳಿಯಿತು, ಬೇಯಿಸಿದವಳ ಮಾತು ಉಳಿಯಲಿಲ್ಲ.

ಐಬೀರಿಯಾದವರ ಈ ವಿನೆಗರ್-ಬೆಳ್ಳುಳ್ಳಿಯ ಪದ್ಧತಿ ನಮ್ಮ ಕರಾವಳಿಗೂ ಬಂದಿದೆ. ಗೋವೆಯ ವಿಂದಾಲೂ ಎಂಬ ಹೆಸರು ವೈನ್ ಮತ್ತು ಬೆಳ್ಳುಳ್ಳಿ ಎಂಬ ಅರ್ಥದ ಪೋರ್ಚುಗೀಸ್ ಪದಗಳಿಂದ ಹುಟ್ಟಿದ್ದು. ಗೋವೆಯಿಂದ ದಕ್ಷಿಣಕ್ಕೆ ಬಂದು ನೆಲೆಸಿದ ಮಂಗಳೂರಿನ ಕ್ರೈಸ್ತರ ಮನೆಗಳಲ್ಲೂ ವಿನೆಗರ್ ಹಾಕಿದ ಹಂದಿಮಾಂಸದ ಅಡುಗೆಗಳಿವೆ. ಆದರೆ ವಿಂದಾಲೂ ಹೆಸರೂ ವಿಧಾನವೂ ಹಡಗಿನಲ್ಲಿ ಬಂದು ನಮ್ಮ ಮಸಾಲೆ ಸೇರಿಸಿಕೊಂಡ ಅಡುಗೆ. ಅಡೋಬೊಗೆ ಹಡಗಿನಲ್ಲಿ ಬಂದದ್ದು ಮುಖ್ಯವಾಗಿ ಹೆಸರು.

ಒಂದು ಮಡಕೆ, ಹಲವು ಭಾಷೆ

ಅಡೋಬೊ ಮಡಕೆಯಲ್ಲಿರುವ ಪದಾರ್ಥಗಳ ಹೆಸರನ್ನು ಒಂದೊಂದಾಗಿ ಕೇಳಿದರೆ ಆ ನಾಡಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಬೆಳ್ಳುಳ್ಳಿಗೆ ಬವಾಂಗ್, ಇದು ಮಲಯ ಭಾಷೆಯೊಡನೆ ಹಂಚಿಕೊಂಡ ಪದ. ಸೋಯಾ ಸಾಸಿಗೆ ತೋಯೋ. ಇದು ಚೀನಾದ ಹೊಕ್ಕಿಯನ್ ವ್ಯಾಪಾರಿಗಳ ಬಾಯಿಂದ ಬಂದದ್ದು. ಪರಿಮಳದ ಎಲೆಗೆ ಲಾರೆಲ್, ಕಾಳುಮೆಣಸಿಗೆ ಪಮಿಂತಾ. ಎರಡೂ ಸ್ಪ್ಯಾನಿಷ್ ಮೂಲದವು. ಆ ಕಾಳುಮೆಣಸಿನ ಬಳ್ಳಿಯ ತವರು ನಮ್ಮ ಪಶ್ಚಿಮಘಟ್ಟ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಮನಿಲಾದಲ್ಲಿ ಚೀನೀ ವರ್ತಕರ ಕೇರಿಗಳು ಬೆಳೆದವು. ಇಂದಿಗೂ ಚೀನೀಯರ ನೆಲೆಯಾಗಿರುವ ಬಿನೊಂದೊ ಎಂಬ ಭಾಗ ಸ್ಥಾಪನೆಯಾದದ್ದು 1594ರಲ್ಲಿ. ಅವರ ಸೋಯಾ ಸಾಸ್ ಅಡೋಬೊಗೆ ಕಂದು ಬಣ್ಣ ಕೊಟ್ಟಿತು. ಸೋಯಾ ಇಲ್ಲದೆ ಉಪ್ಪು, ವಿನೆಗರ್ ಮಾತ್ರ ಹಾಕಿ ಮಾಡುವುದಕ್ಕೆ ಇಂದಿಗೂ 'ಬಿಳಿ ಅಡೋಬೊ' ಎನ್ನುತ್ತಾರೆ. ಹಳೆಯ ರೂಪ ಅದೇ. ಬೆಂದ ಅನ್ನವನ್ನು ಬಾಣಲೆಯಲ್ಲಿ ಹುರಿಯುವುದರ ಹಿಂದೆಯೂ ಚೀನೀ ಅಡುಗೆಮನೆಯ ಪ್ರಭಾವ ಕಾಣುತ್ತದೆ. ಪಕ್ಕದಲ್ಲಿ ಹೆಚ್ಚಿಡುವ ಟೊಮೇಟೊ 1565ರಿಂದ 1815ರವರೆಗೆ ಮನಿಲಾಕ್ಕೂ ಮೆಕ್ಸಿಕೋದ ಅಕಾಪುಲ್ಕೋಕ್ಕೂ ನಡುವೆ ಓಡಾಡಿದ ಸ್ಪೇನಿನ ಹಡಗುಗಳ ಕಾಲದ ಕೊಡುಗೆ.

ಅಗುಳಿನ ಬೆಲೆ

ಇನ್ನು ಅನ್ನದ ವಿಷಯ. ಇಂಗ್ಲಿಷಿನವರಿಗೆ ಎಲ್ಲವೂ 'ರೈಸ್'. ನಮಗೆ ಗದ್ದೆಯಲ್ಲಿದ್ದರೆ ಭತ್ತ, ಚೀಲದಲ್ಲಿದ್ದರೆ ಅಕ್ಕಿ, ತಟ್ಟೆಯಲ್ಲಿದ್ದರೆ ಅನ್ನ. ತಗಾಲೋಗರಿಗೂ ಹಾಗೆಯೇ: ಪಾಲಾಯ್, ಬಿಗಾಸ್, ಕಾನಿನ್. ನಮ್ಮ 'ತಂಗಳು' ಇದ್ದಂತೆ ತಣ್ಣಗಾದ ಮಿಕ್ಕ ಅನ್ನಕ್ಕೆ ಬಹಾವ್ ಎಂಬ ಪ್ರತ್ಯೇಕ ಪದವೂ ಇದೆ. ಬೇರೆ ಹೆಸರಿಟ್ಟಿದ್ದಾರೆಂದರೆ ಅದಕ್ಕೊಂದು ಬೆಲೆಯಿದೆ ಎಂದೇ ಅರ್ಥ.

ಆ ಬೆಲೆ ಸುಮ್ಮನೆ ಬಂದದ್ದಲ್ಲ. ಹದಿನೇಳನೆಯ ಶತಮಾನದಲ್ಲಿ ಸ್ಪೇನಿನ ಸರ್ಕಾರ 'ಬಂದಾಲಾ' ಎಂಬ ಪದ್ಧತಿ ತಂದಿತು. ಪ್ರತಿ ಪ್ರಾಂತದ ರೈತರೂ ಗೊತ್ತುಪಡಿಸಿದಷ್ಟು ಧಾನ್ಯವನ್ನು ಸರ್ಕಾರ ಹೇಳಿದ ಬೆಲೆಗೆ ಮಾರಲೇಬೇಕು. ಹಣ ಮಾತ್ರ ಬಹುಪಾಲು ಬಾಕಿ. ಭತ್ತದ ಕಣಜವೆನಿಸಿದ ಪಂಪಾಂಗಾ ಪ್ರಾಂತದಲ್ಲಿ 1660ರಲ್ಲಿ ದಂಗೆಯೆದ್ದಾಗ, ಬಿಟ್ಟಿಯಾಗಿ ಮರ ಕಡಿಸುತ್ತಿದ್ದುದರ ಜೊತೆಗೆ ಈ ಅಕ್ಕಿಯ ಬಾಕಿಯೂ ಒಂದು ಕಾರಣವಾಗಿತ್ತು. ಬೆಳೆದವನಿಗೇ ಅಕ್ಕಿ ಉಳಿಯದ ನಾಡಿನಲ್ಲಿ ಅಗುಳನ್ನು ಚೆಲ್ಲುವವರು ಯಾರು? ರಾತ್ರಿಯ ಅನ್ನ ಬೆಳಗಿನ ಸಿನಂಗಾಗ್ ಆಗುವುದರ ಹಿಂದೆ ಇಂಥ ಲೆಕ್ಕವೂ ಇದೆ.

ಹೊಲಕ್ಕೆ ಹೋಗುವವನ ಆ ತಿಂಡಿ ಮುಂದೆ ಪೇಟೆಯ ಹೋಟೆಲುಗಳಿಗೂ ಬಂತು. 1980ರ ದಶಕದಲ್ಲಿ ಮನಿಲಾದ ಅಂಚಿನ ಮರಿಕಿನಾದಲ್ಲಿ ಒಣಮಾಂಸ 'ತಾಪಾ', 'ಸಿನಂಗಾಗ್', ಮೊಟ್ಟೆಯೆಂಬ ಅರ್ಥದ 'ಇಟ್ಲೋಗ್', ಈ ಮೂರು ಪದಗಳ ತುಣುಕು ಸೇರಿಸಿ 'ತಾಪ್ಸಿಲೋಗ್' ಎಂಬ ಹೆಸರು ಕಟ್ಟಿದರು. ಹೆಸರು ಜನಪ್ರಿಯವಾಗಿ ಅಡೋಬೊ ಜೊತೆಗಿನದು 'ಅಡೋಸಿಲೋಗ್' ಆಯಿತು. ಈ ಸಲ ಹೆಸರಿಟ್ಟವರು ಅಡುಗೆ ಮಾಡುವವರೇ.

ಬಾಣಲೆಯೊಳಗಿನ ವಿಜ್ಞಾನ

ಮಾಡುವ ಕ್ರಮ ಹೀಗೆ. ನಾಲ್ಕು ಬಟ್ಟಲು ತಣ್ಣನೆಯ ಅನ್ನಕ್ಕೆ ಒಂದು ಬಟ್ಟಲು ಅಡೋಬೊ ಮಾಂಸ, ಐದಾರು ಎಸಳು ಬೆಳ್ಳುಳ್ಳಿ ಸಾಕು. ತಣ್ಣಗಾದ ಅಡೋಬೊ ಮೇಲೆ ಬೆಣ್ಣೆಯಂತೆ ಹೆಪ್ಪುಗಟ್ಟಿದ ಕೊಬ್ಬಿರುತ್ತದೆ. ಬೇರೆ ಎಣ್ಣೆ ಬೇಡ, ಅದನ್ನೇ ಬಾಣಲೆಯಲ್ಲಿ ಕರಗಿಸಬೇಕು. ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ ಅಂಚು ಗರಿಗರಿಯಾಗುವಂತೆ ಹುರಿದು ತೆಗೆದಿಡಬೇಕು. ಉಳಿದ ಕೊಬ್ಬಿನಲ್ಲಿ ಜಜ್ಜಿದ ಬೆಳ್ಳುಳ್ಳಿಯನ್ನು ಹೊಂಬಣ್ಣಕ್ಕೆ ಹುರಿದು, ಗಂಟಿಲ್ಲದಂತೆ ಕೈಯಿಂದ ಬಿಡಿಸಿದ ಅನ್ನ ಹಾಕಬೇಕು. ಉರಿ ಜೋರಾಗಿರಲಿ. ಅನ್ನ ಬಿಸಿಯಾದ ಮೇಲೆ ಅಡೋಬೊ ರಸ ಮೂರು ನಾಲ್ಕು ಚಮಚ ಚಿಮುಕಿಸಿ, ಹಸಿ ಆರುವವರೆಗೆ ಕೈಯಾಡಿಸಿ, ಮಾಂಸವನ್ನು ಮತ್ತೆ ಸೇರಿಸಿದರೆ ಮುಗಿಯಿತು. ರಸದಲ್ಲೇ ಉಪ್ಪಿರುವುದರಿಂದ ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡಿ.

ಇದಕ್ಕೆ ತಂಗಳನ್ನವೇ ಏಕೆ ಬೇಕು? ಅಕ್ಕಿ ಬೆಂದಾಗ ಅದರ ಪಿಷ್ಟ ನೀರು ಕುಡಿದು ಉಬ್ಬಿ ಮೆತ್ತಗಾಗುತ್ತದೆ. ತಣ್ಣಗಾದಂತೆ ಪಿಷ್ಟದ ಸರಪಳಿಗಳು ಮತ್ತೆ ಒತ್ತಾಗಿ ಜೋಡಿಸಿಕೊಂಡು ಅಗುಳು ಗಟ್ಟಿಯಾಗುತ್ತದೆ. ಬಿಸಿಯನ್ನ ಬಾಣಲೆಯಲ್ಲಿ ಮುದ್ದೆಯಾದರೆ ತಂಗಳನ್ನ ಉದುರುದುರಾಗಿ ಹುರಿಯುತ್ತದೆ. ಅಡೋಬೊ ಕೂಡ ಮರುದಿನ ಹೆಚ್ಚು ರುಚಿ. ವಿನೆಗರಿನ ಆಮ್ಲದಲ್ಲಿ ಅನೇಕ ಬ್ಯಾಕ್ಟೀರಿಯಾಗಳು ಬೆಳೆಯಲಾರವು. ಮೇಲಿನ ಕೊಬ್ಬಿನ ಪದರ ಗಾಳಿಯನ್ನು ತಡೆಯುತ್ತದೆ. ಶೀತಕಪೆಟ್ಟಿಗೆ ಇಲ್ಲದ ಬಿಸಿಲು ನಾಡಿನಲ್ಲಿ ಇದು ಅನುಭವದಿಂದ ಕಂಡುಕೊಂಡ ಜ್ಞಾನ.

ಒಂದು ಎಚ್ಚರಿಕೆ ಹೇಳಲೇಬೇಕು. ವಿನೆಗರ್ ಕಾಯುವುದು ಮಾಂಸವನ್ನು, ಅನ್ನವನ್ನಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಉಳಿಯುತ್ತವೆ. ಅನ್ನವನ್ನು ಸೆಕೆಯಲ್ಲಿ ಹಾಗೆಯೇ ಬಿಟ್ಟರೆ ಅವು ಮೊಳೆತು ವಿಷ ಬಿಡಬಹುದು. ವಾಂತಿ ತರಿಸುವ ಆ ವಿಷ ಹುರಿದರೂ ಹೋಗುವುದಿಲ್ಲ. ಆದ್ದರಿಂದ ಮಿಕ್ಕ ಅನ್ನವನ್ನು ಹರಡಿ ಬೇಗ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಬಳಸಿ. ನಮ್ಮ ಚಿತ್ರಾನ್ನಕ್ಕೂ ಇದೇ ನಿಯಮ.

ಲಗೂನಾದಿಂದ ನಮ್ಮ ಗದ್ದೆಗೆ

ಅಡೋಬೊ ಹೆಸರು ನಿಘಂಟಿಗೇರಿದ ಅದೇ ಲಗೂನಾ ಪ್ರಾಂತದ ಲೋಸ್ ಬಾನ್ಯೋಸ್ ಎಂಬಲ್ಲಿ 1960ರಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. 1966ರಲ್ಲಿ ಅದು ಹೊರತಂದ ಗಿಡ್ಡ ತಳಿಯೇ ಐ.ಆರ್. 8. ಇಂಡೋನೇಷ್ಯಾದ ಒಂದು ತಳಿಯನ್ನೂ ತೈವಾನಿನ ಒಂದು ಗಿಡ್ಡ ತಳಿಯನ್ನೂ ಕೂಡಿಸಿ ಮಾಡಿದ್ದು. 1985ರಲ್ಲಿ ಬಂದ ಐ.ಆರ್. 64 ಎಂಬುದು ನಮ್ಮ ರೈತರಿಗೆ ಮನೆಮಾತು. ಐ.ಆರ್. 8 ಇಳುವರಿಯಲ್ಲಿ ಪವಾಡ ಮಾಡಿದರೂ ಅದರ ಅನ್ನ ಆರಿದೊಡನೆ ಬಿರುಸಾಗುತ್ತದೆಂಬ ದೂರಿತ್ತು. ಮೇಲೆ ಹೇಳಿದ ಪಿಷ್ಟದ ಗುಣವೇ ಅದಕ್ಕೆ ಕಾರಣ. ಐ.ಆರ್. 64ರಲ್ಲಿ ಆ ದೋಷವನ್ನು ಬಹುಮಟ್ಟಿಗೆ ತಿದ್ದಿದರು. ಊಟ ಮಾಡುವವನ ನಾಲಗೆಯನ್ನೂ ವಿಜ್ಞಾನಿ ಕೇಳಬೇಕಾಯಿತು.

ಇಷ್ಟಾದರೂ ಹೊಸ ತಳಿಗಳ ತವರಾದ ಆ ದೇಶವೇ 2008ರ ಬೆಲೆಯೇರಿಕೆಯ ವರ್ಷದಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಅಕ್ಕಿ ಆಮದು ಮಾಡಿಕೊಂಡಿತು. ಹಾಗಾಗಿ ಬಹಾವ್‌ನ ಬೆಲೆ ಇನ್ನೂ ಕಡಿಮೆಯಾಗಿಲ್ಲ.

2021ರ ಜುಲೈನಲ್ಲಿ ಫಿಲಿಪ್ಪೀನ್ಸ್ ಸರ್ಕಾರದ ವಾಣಿಜ್ಯ ಇಲಾಖೆ ಅಡೋಬೊಗೆ ಒಂದು ಪ್ರಮಾಣೀಕೃತ ವಿಧಾನ ಗೊತ್ತುಪಡಿಸಲು ಹೊರಟಿತು. ಜನ ಕೆರಳಿದರು. ನಮ್ಮ ತಾಯಿ ಮಾಡಿದ್ದು ತಪ್ಪೆಂದು ಹೇಳಲು ನೀವು ಯಾರು ಎಂಬುದೇ ಎಲ್ಲರ ಪ್ರಶ್ನೆಯ ಸಾರ. ಇದು ವಿದೇಶಗಳಲ್ಲಿ ಪ್ರಚಾರಕ್ಕಾಗಿ ಮಾತ್ರ, ಮನೆಯ ಅಡುಗೆಗೆ ಯಾವ ಕಡ್ಡಾಯವೂ ಇಲ್ಲವೆಂದು ಇಲಾಖೆ ಸ್ಪಷ್ಟೀಕರಣ ಕೊಡಬೇಕಾಯಿತು. ನಾನೂರು ವರ್ಷಗಳ ಹಿಂದೆ ಹೊರಗಿನವನೊಬ್ಬ ಹೆಸರಿಟ್ಟಾಗ ಅಡುಗೆಮನೆಯಿಂದ ಬಂದ ಉತ್ತರ ಯಾವ ಪುಸ್ತಕಕ್ಕೂ ಸೇರಲಿಲ್ಲ. ಈ ಸಲ ಉತ್ತರ ಎಲ್ಲರಿಗೂ ಕೇಳಿಸಿತು.

ಓದುಗರೇ, ನಿಮ್ಮ ಮನೆಯಲ್ಲೂ ತಂಗಳನ್ನದಿಂದ ಮಾಡುವ ಒಂದು ತಿಂಡಿ ಇದ್ದೇ ಇರುತ್ತದೆ. ಅದನ್ನು ಏನೆಂದು ಕರೆಯುತ್ತಾರೆ, ಯಾರಿಂದ ಕಲಿತರು, ಅದಕ್ಕೆ ಏನು ಹಾಕುತ್ತಾರೆ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ನಾಲ್ಕು ಸಾಲು ಬರೆದಿಡಿ. ಆ ಹೆಸರು ಅವರ ಬಾಯಲ್ಲಿ ಇರುವಾಗಲೇ ಈ ಕೆಲಸ ಆಗಬೇಕು.