ಸೋಲನ್ನೇ ಮಾರಿದ ಆಟಗಳು

ವಿಡಿಯೋ ಗೇಮ್ ಆಡುವ ಮಕ್ಕಳು ಸಿಡುಕರಾಗುತ್ತಾರೆ, ಸೋತರೆ ಕೂಗಾಡುತ್ತಾರೆ ಎಂಬ ದೂರು ಇಂದು ಮನೆಮನೆಯಲ್ಲೂ ಕೇಳಿಬರುತ್ತದೆ. ಈ ದೂರು ಹೊಸದೇನಲ್ಲ. ಅದಕ್ಕೆ ಸುಮಾರು ಅರ್ಧ ಶತಮಾನದ ಇತಿಹಾಸವಿದೆ. ಆ ಇತಿಹಾಸವನ್ನು ನೋಡಿದರೆ, ಮಕ್ಕಳ ಸಿಟ್ಟಿನಲ್ಲಿ ಅವರ ಸ್ವಭಾವದ ಪಾಲಿರುವಂತೆ ವ್ಯಾಪಾರದ ಲೆಕ್ಕಾಚಾರದ ಪಾಲೂ ಇದೆ ಎಂಬುದು ತಿಳಿಯುತ್ತದೆ.

1972ರಲ್ಲಿ ಅಮೆರಿಕದ ಅಟಾರಿ ಕಂಪನಿ ಕ್ಯಾಲಿಫೋರ್ನಿಯಾದ ಬಾರೊಂದರಲ್ಲಿ 'ಪಾಂಗ್' ಎಂಬ ಆಟದ ಯಂತ್ರವನ್ನು ಇಟ್ಟಿತು. ನಾಣ್ಯ ಹಾಕಿದರೆ ಮಾತ್ರ ಆಟ. ಒಬ್ಬನ ಆಟ ಬೇಗ ಮುಗಿದರೆ ತಾನೇ ಮುಂದಿನ ನಾಣ್ಯ ಬೀಳುವುದು? ಹೀಗೆ ಸೋಲು ಆದಾಯದ ಮೂಲವಾಯಿತು.

1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್ವೇಡರ್ಸ್' ರೂಪಿಸಿದರು. ಅದರಲ್ಲಿ ಶತ್ರುಗಳ ಒಂದು ಪಡೆ ಅಳಿದರೆ ಮತ್ತೊಂದು ಇಳಿಯುತ್ತದೆ; ಕೊನೆಯ ಗೆಲುವೆಂಬುದೇ ಇಲ್ಲ. ಶತ್ರುಗಳು ಕಡಿಮೆಯಾದಂತೆ ಯಂತ್ರದ ಹೊರೆ ಇಳಿದು, ಉಳಿದವರ ಓಟ ತಾನಾಗಿಯೇ ಚುರುಕಾಗುತ್ತಿತ್ತು. ಈ ಆಕಸ್ಮಿಕವನ್ನು ನಿಶಿಕಾಡೊ ತಿದ್ದದೆ ಉಳಿಸಿಕೊಂಡರು. ಜೊತೆಗೆ ನಾಲ್ಕು ಸ್ವರಗಳ ಸದ್ದು ಎದೆಬಡಿತದಂತೆ ವೇಗ ಪಡೆಯುತ್ತಿತ್ತು. ಆಡುವವರ ಆತಂಕವೇ ಆಟದ ರುಚಿಯಾಯಿತು.

ಹಿರಿಯರ ಆತಂಕ ಇದರ ಬೆನ್ನಿಗೇ ಬಂತು. 1982ರ ನವೆಂಬರಿನಲ್ಲಿ ಅಮೆರಿಕದ ಸರ್ಜನ್ ಜನರಲ್ ಎವರೆಟ್ ಕೂಪ್, ಈ ಆಟಗಳು ಮಕ್ಕಳ ಆರೋಗ್ಯಕ್ಕೆ ಹಾನಿ ಮಾಡಬಹುದು ಎಂದರು. ಅದು ತಮ್ಮ ವೈಯಕ್ತಿಕ ಅಭಿಪ್ರಾಯ, ವೈಜ್ಞಾನಿಕ ಆಧಾರದ ಮಾತಲ್ಲ ಎಂದು ಬಳಿಕ ಅವರೇ ಸ್ಪಷ್ಟಪಡಿಸಿದರು. ಆದರೆ ಭಯ ಉಳಿಯಿತು.

ಮನೆಯಲ್ಲೇ ಆಡುವ ಯಂತ್ರಗಳು ನಾಣ್ಯದ ಹಂಗನ್ನು ತಪ್ಪಿಸಿದವು. 1986ರ 'ದಿ ಲೆಜೆಂಡ್ ಆಫ್ ಜೆಲ್ಡಾ' ಆಟವನ್ನು ಅರ್ಧಕ್ಕೆ ನಿಲ್ಲಿಸಿ, ಮರುದಿನ ಮುಂದುವರಿಸಬಹುದಿತ್ತು. ಸೋತವನಿಗೆ ಯೋಚಿಸಲು ಪುರುಸೊತ್ತು ಸಿಕ್ಕಿತು. ಆದರೆ ಮೊಬೈಲ್ ಬಂದಮೇಲೆ ನಾಣ್ಯದ ಡಬ್ಬಿ ಬೇರೆ ವೇಷದಲ್ಲಿ ಮರಳಿತು. 2012ರ 'ಕ್ಯಾಂಡಿ ಕ್ರಷ್ ಸಾಗಾ'ದಲ್ಲಿ ಆಟಗಾರನಿಗೆ 5 ಜೀವಗಳು. ಕಳೆದುಕೊಂಡ ಒಂದು ಜೀವ ಮರಳಲು 30 ನಿಮಿಷ ಕಾಯಬೇಕು. ಕಾಯಲಾರದವರು ಹಣ ತೆರಬಹುದು. ತಾಳ್ಮೆಗೆಟ್ಟಷ್ಟೂ ಕಂಪನಿಗೆ ಲಾಭ!

ಸರ್ಕಾರಗಳು ಗಡಿಯಾರ ಹಿಡಿದು ಇದನ್ನು ತಡೆಯಲು ಹೊರಟವು. ದಕ್ಷಿಣ ಕೊರಿಯಾ 2011ರಲ್ಲಿ, 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಆಟ ಆಡದಂತೆ ನಿರ್ಬಂಧಿಸಿತು. ಮೊಬೈಲ್ ಆಟಗಳು ಅದರ ಹಿಡಿತಕ್ಕೆ ಬರಲಿಲ್ಲ. 2022ರ ಆರಂಭದಲ್ಲಿ ಆ ಕಾನೂನು ಕೊನೆಗೊಂಡಿತು. ಚೀನಾ 2021ರಲ್ಲಿ, 18 ವರ್ಷದೊಳಗಿನವರಿಗೆ ಸಾಮಾನ್ಯ ವಾರದಲ್ಲಿ ಕೇವಲ 3 ಗಂಟೆಗಳ ಆನ್‌ಲೈನ್ ಆಟವನ್ನು ಗೊತ್ತುಪಡಿಸಿತು.

ವಿಶ್ವ ಆರೋಗ್ಯ ಸಂಸ್ಥೆ ಹೆಚ್ಚು ಎಚ್ಚರದಿಂದ ಮಾತಾಡಿದೆ. 2022ರಿಂದ ಜಾರಿಯಲ್ಲಿರುವ ಅದರ ರೋಗಪಟ್ಟಿಯಲ್ಲಿ ಗೇಮಿಂಗ್ ವ್ಯಸನಕ್ಕೂ ಸ್ಥಾನವಿದೆ. ಆದರೆ ಆಟದ ಮೇಲೆ ಹಿಡಿತ ತಪ್ಪಿ, ಉಳಿದೆಲ್ಲವೂ ಹಿಂದೆ ಸರಿದು, ಹಾನಿಯಾದರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಇರಬೇಕು. ಸೋತಾಗ ಸಿಡುಕುವ ಪ್ರತಿಯೊಂದು ಮಗುವೂ ರೋಗಿಯಲ್ಲ.

ಚೌಕಾಬಾರದಲ್ಲೂ ಮನೆ ಸೇರಲಿದ್ದ ಕಾಯಿಯನ್ನು ಕಡಿದರೆ ಅಳು ಬರುತ್ತಿತ್ತು. ಆದರೆ ಅಲ್ಲಿ ಎದುರಿಗೆ ಅಜ್ಜಿಯೋ ಅಕ್ಕನೋ ಇರುತ್ತಿದ್ದರು. 'ಹೋಗಲಿ ಬಿಡು, ಇನ್ನೊಂದಾಟ ಆಡೋಣ' ಎನ್ನುತ್ತಿದ್ದರು. ಕವಡೆ ಎತ್ತಿಟ್ಟರೆ ಆಟ ಮುಗಿಯುತ್ತಿತ್ತು. ಸೋಲನ್ನು ತಾಳಿಕೊಳ್ಳುವ ಪಕ್ವತೆ ಅಂಥ ಒಡನಾಟದಲ್ಲಿ ಬೆಳೆಯುವಂಥದು. ಪರದೆ ಅದನ್ನು ಕಲಿಸಲಾರದು. ಕಲಿತರೆ ಅದಕ್ಕೇ ನಷ್ಟ.